ಡ್ರಮ್ಮಿಗೂ ಹೆಪ್ಪು ಹಾಕಬೇಕು, ಮಗಾ

ಮಗಾ, ಗುಂಡಿ ತುಂಬ ಅಜೋಲಾ ಹರಡಿಕೊಂಡಿರುವ ಫೋಟೋ ನೋಡಿ ಕಣ್ಣು ತಂಪಾಯಿತು. ನೂರು ಸ್ವರ್ಣಧಾರಾ ಕೋಳಿ ಕಟ್ಟಿಕೊಂಡವನಿಗೆ ಮೆಕ್ಕೆಜೋಳದ ಬೆಲೆ ಏರಿದಾಗಲೆಲ್ಲ ನಿದ್ದೆ ಹತ್ತುವುದಿಲ್ಲ, ನನಗೆ ಗೊತ್ತು. ಕೋಳಿ ಸಾಕಣೆಯ ಖರ್ಚಿನಲ್ಲಿ ನೂರಕ್ಕೆ 60-70 ರೂಪಾಯಿ ಫೀಡಿಗೇ ಹೋಗುತ್ತದೆ. ಮನೆ ಹಿತ್ತಲ ನೀರಿನಲ್ಲಿ ಪ್ರೋಟೀನ್ ಬೆಳೆಯುವುದಾದರೆ ಯಾರು ಬೇಡ ಅಂದಾರು?

ಆದರೆ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, "ಡ್ರಮ್ಮಿಗೆ ತುಂಬಿ ಪ್ರೋಬಯಾಟಿಕ್ ಪುಡಿ ಉದುರಿಸಿ ಮುಚ್ಚಿಟ್ಟರೆ ಮುಗೀತು ದೊಡ್ಡಮ್ಮಾ" ಅಂತ. ಆ ಮಾತು ಕೇಳಿದಾಗಿನಿಂದ ನಿನಗೆ ಬರೆಯಬೇಕು ಅನ್ನಿಸುತ್ತಿತ್ತು.

ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಗುಂಡಿಯಿಂದ ಎತ್ತಿದ್ದನ್ನು ನೀರು ಸೋರುತ್ತಿದ್ದಂತೆಯೇ ಡ್ರಮ್ಮಿಗೆ ಸುರಿದೆ. ಎಂಟನೇ ದಿನ ಮುಚ್ಚಳ ತೆಗೆದರೆ ಸತ್ತ ಇಲಿಯ ವಾಸನೆ. ಕೈ ಹಾಕಿದರೆ ಕಪ್ಪು ಲೋಳೆ. ಎರಡು ವಾರದ ಬೆಳೆ ತಿಪ್ಪೆ ಸೇರಿತು. ಹಸಿ ಅಜೋಲಾದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರು. ಅಷ್ಟು ನೀರಿದ್ದರೆ ಹುಳಿ ಬರಿಸುವ ಬ್ಯಾಕ್ಟೀರಿಯಾ ತಲೆ ಎತ್ತುವ ಮೊದಲೇ ಕೊಳೆಸುವ ಬ್ಯಾಕ್ಟೀರಿಯಾ ಮನೆ ಮಾಡಿಬಿಡುತ್ತವೆ. ಜೊತೆಗೆ ಈ ಗಿಡದಲ್ಲಿ ಪ್ರೋಟೀನ್ ಹೆಚ್ಚು, ಸಕ್ಕರೆ ಕಡಿಮೆ. ಲ್ಯಾಕ್ಟೋಬ್ಯಾಸಿಲಸ್ ತಿನ್ನುವುದು ಸಕ್ಕರೆಯನ್ನು. ತಿನ್ನಲು ಏನೂ ಕೊಡದೆ ಎಷ್ಟು ದುಬಾರಿ ಪುಡಿ ಉದುರಿಸಿದರೂ ಅದು ಕೆಲಸ ಮಾಡುವುದಿಲ್ಲ.

ಈಗ ನಾನು ಮಾಡುವುದು ಹೀಗೆ. ಸಗಣಿ ವಾಸನೆ ಹೋಗುವ ತನಕ ಮೂರು ಸಲ ತೊಳೆದು, ಬುಟ್ಟಿಯಲ್ಲಿ ಬಸಿದು, ನೆರಳಲ್ಲಿ ಗೋಣಿತಾಟಿನ ಮೇಲೆ ತೆಳ್ಳಗೆ ಹರಡುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಹನಿ ಬೀಳಬಾರದು. ಅಂಥ ಬಾಡಿದ ಅಜೋಲಾ 10 ಕಿಲೋಗೆ 2 ಕಿಲೋ ಅಕ್ಕಿ ತೌಡು, ಬಾವಿ ನೀರಿನಲ್ಲಿ ಕರಗಿಸಿದ ಒಂದು ಅಚ್ಚು ಬೆಲ್ಲ, ಉಪ್ಪು ಹಾಕದ ಒಂದು ಲೋಟ ಹುಳಿ ಮಜ್ಜಿಗೆ. ನಲ್ಲಿಯ ಕ್ಲೋರಿನ್ ನೀರು ಹಾಕಬೇಡ, ಹೆಪ್ಪೇ ಸತ್ತೀತು. ಪದರ ಪದರವಾಗಿ ಮುಷ್ಟಿಯಿಂದ ಗುದ್ದಿ ತುಂಬಬೇಕು. ಒಳಗೆ ಗಾಳಿ ಉಳಿದ ಕಡೆಯೇ ಬೂಸ್ಟು ಬರುವುದು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಲ್ಲು, ಆಮೇಲೆ ಮುಚ್ಚಳ.

ವಾರ ಹತ್ತು ದಿನ ಬಿಟ್ಟು ತೆಗೆದಾಗ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಬರಬೇಕು. ಬಣ್ಣ ಆಲಿವ್ ಹಸಿರಿಗೆ ತಿರುಗಿರುತ್ತದೆ. ಪಿಎಚ್ ಕಾಗದ ಇದ್ದರೆ ಅದ್ದಿ ನೋಡು, 4ರ ಆಸುಪಾಸು ಇದ್ದರೆ ನೆಮ್ಮದಿ. ಎಲ್ಲಾದರೂ ಹಸಿರು, ಕಪ್ಪು ಬೂಸ್ಟು ಕಂಡರೆ ಮೇಲಿನದನ್ನು ಕೆರೆದು ಉಳಿದದ್ದನ್ನು ಹಾಕೋಣ ಎಂಬ ಆಸೆ ಬೇಡ. ಬೂಸ್ಟಿನ ವಿಷ ಕಣ್ಣಿಗೆ ಕಾಣುವುದಿಲ್ಲ, ಕೋಳಿಯ ಈಲಿಯನ್ನು ಹಾಳು ಮಾಡುತ್ತದೆ.

ಈ ಹುಳಿಯಿಂದ ಕೋಳಿಗೆ ಏನು ಲಾಭ ಅಂತ ನೀನು ಕೇಳಿದೆ. ನಿಮ್ಮಜ್ಜಿಯ ಕಾಲದ ಹೇಂಟೆಯನ್ನು ನೆನಪಿಸಿಕೊ. ಕಾವು ಮುಗಿಸಿ ಎದ್ದವಳು ಮರಿಗಳನ್ನು ನೇರ ತಿಪ್ಪೆಗೇ ಕರೆದೊಯ್ಯುತ್ತಿದ್ದಳು. ತಾಯಿ ಕೆದಕಿದ್ದನ್ನು, ತಾಯಿಯ ಹಿಕ್ಕೆ ಬಿದ್ದ ಮಣ್ಣನ್ನು ಕುಕ್ಕುತ್ತಾ ಮರಿಗಳು ಆಕೆಯ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಪಡೆಯುತ್ತಿದ್ದವು. ಹ್ಯಾಚರಿಯ ಮರಿಗೆ ತಾಯಿಯೇ ಇಲ್ಲ, ಖಾಲಿ ಕರುಳಿನಲ್ಲಿ ಬರುತ್ತದೆ. 1973ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂತಾಲಾ ಎಂಬ ವಿಜ್ಞಾನಿಗಳು ಬಲಿತ ಕೋಳಿಯ ಕರುಳಿನಲ್ಲಿದ್ದದ್ದನ್ನು ಮರಿಗಳಿಗೆ ಕೊಟ್ಟು, ಅವು ಸಾಲ್ಮೊನೆಲ್ಲಾವನ್ನು ತಡೆದುಕೊಳ್ಳುವುದನ್ನು ತೋರಿಸಿದರು. ಅದನ್ನು ಓದಿದ ದಿನ ನನಗೆ ತಿಪ್ಪೆ ಮೇಲಿನ ಆ ಹೇಂಟೆಯೇ ಕಣ್ಣ ಮುಂದೆ ಬಂದಳು. ಹುಳಿ ಮೇವು ಆ ತಾಯಿಯ ಜಾಗ ತುಂಬುವುದಿಲ್ಲ, ನಿಜ. ಆದರೆ ಅದರ ಲ್ಯಾಕ್ಟಿಕ್ ಆಮ್ಲ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಹೊಟ್ಟೆಯನ್ನು ಒಗ್ಗದಂತೆ ಮಾಡುತ್ತದೆ. ಹಾಗಂತ ರಾಣಿಖೇತ್ ಲಸಿಕೆ ತಪ್ಪಿಸಬೇಡ, ವೈರಸ್ಸಿಗೆ ಮಜ್ಜಿಗೆ ಮದ್ದಲ್ಲ.

ಮೂರು ನಾಲ್ಕು ವಾರದೊಳಗಿನ ಮರಿಗೆ ಈ ಹುಳಿ ಮೇವು ಬೇಡ, ಅವುಕ್ಕೆ ನಾರು ಅರಗದು. ದೊಡ್ಡವುಕ್ಕೂ ಫೀಡಿನ ಹತ್ತರಲ್ಲಿ ಒಂದು ಪಾಲಿನ ಒಳಗೇ ಇರಲಿ. ಅಜೋಲಾದ ಪ್ರೋಟೀನಿನಲ್ಲಿ ಮೆಥಿಯೋನಿನ್ ಕಡಿಮೆ, ಬರೀ ಅದನ್ನೇ ನಂಬಿದರೆ ಮೊಟ್ಟೆ ಸಣ್ಣದಾಗುತ್ತದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಗುಂಡಿಯಲ್ಲಿ ಬೆಳೆ ಸಾಲದೆ ಬಂದರೆ, ನಗರದ ಕೊಳಚೆ ಸೇರುವ ಕೆರೆಯಲ್ಲಿ ಹಾಸಿಕೊಂಡಿರುವ ಅಂತರಗಂಗೆಗೋ ಡಕ್‌ವೀಡಿಗೋ ಕೈ ಹಾಕಬೇಡ. ಆ ಗಿಡಗಳು ನೀರಿನ ಸೀಸ, ಕ್ಯಾಡ್ಮಿಯಂ ಎಲ್ಲವನ್ನೂ ಹೀರಿಕೊಂಡು ಕೂತಿರುತ್ತವೆ. ಯಾವ ಬ್ಯಾಕ್ಟೀರಿಯಾ ಹುಳಿ ಬರಿಸಿದರೂ ಲೋಹ ಕರಗಿ ಮಾಯವಾಗುವುದಿಲ್ಲ. ಅದು ಕೋಳಿಗೆ, ಕೋಳಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ನಿನ್ನ ಮಗಳ ತಟ್ಟೆಗೆ ಬರುತ್ತದೆ. ಬೇಕಾದರೆ ಇನ್ನೊಂದು ಗುಂಡಿ ತೆಗೆ, ಮೇಲೆ ನೆರಳು ಬಲೆ ಕಟ್ಟು. ಯೂರಿಯಾ ಎರಚಬೇಡ. ಅಜೋಲಾದ ಎಲೆಯೊಳಗೇ ಗಾಳಿಯ ಸಾರಜನಕ ಹಿಡಿಯುವ ಸೂಕ್ಷ್ಮಜೀವಿ ಇದೆ. ಎಲೆ ಕೆಂಪಗಾದರೆ ಬಿಸಿಲು ಜಾಸ್ತಿಯಾಗಿದೆ, ಇಲ್ಲವೇ ರಂಜಕ ಸಾಲದಾಗಿದೆ.

ಶನಿವಾರ ಬೆಳಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ, ಒಂದು ತಂಬಿಗೆ ಮಜ್ಜಿಗೆ ಹಿಡಿದು. ಗುರುವಾರ ಸಂಜೆಯೇ ಅಜೋಲಾ ಎತ್ತಿ, ತೊಳೆದು, ಬಸಿಯಲು ಇಟ್ಟಿರು. ಗೋಣಿತಾಟು ತೊಳೆದು ಒಣಗಿಸುವುದನ್ನು ಮರೆಯಬೇಡ.