ಹತ್ತಿಯ ವರ್ಣತಂತುಗಳ ಲೆಕ್ಕ

ನಾಗಪುರದಿಂದ ವಾರ್ಧಾ ಕಡೆಗೆ ಹೋಗುವ ರಸ್ತೆಯಲ್ಲಿ, 1976ರಲ್ಲಿ ಸ್ಥಾಪಿತವಾದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯಿರುವುದು. ಅಲ್ಲಿ ಸಾಗುವಳಿಯ ಹತ್ತಿಗಳೊಡನೆ, ನೂಲಿಗೆ ಬಾರದ ಕಾಡುಹತ್ತಿಗಳನ್ನೂ ಜತನದಿಂದ ಬೆಳೆಸಿ ಕಾಪಾಡುತ್ತಾರೆ. ಉಪಯೋಗವಿಲ್ಲದಂತೆ ತೋರುವ ಆ ಗಿಡಗಳಲ್ಲಿ ಇಷ್ಟು ಆಸ್ಥೆ ಏಕೆಂಬುದನ್ನು ವಿಚಾರಿಸೋಣ.

ಸಸ್ಯದ ಜೀವಕೋಶದ ಕೇಂದ್ರದಲ್ಲಿ ದಾರದಂತಹ ವರ್ಣತಂತುಗಳಿರುವುವು. ವಂಶಗುಣಗಳು ಇವುಗಳ ಮೂಲಕವೇ ಸಂತಾನಕ್ಕೆ ಇಳಿಯುವುವು. ಬೇರಿನ ಎಳೆಯ ತುದಿಗೆ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವನ್ನು ಎಣಿಸಬಹುದು. ಖರ್ಜೂರದ ಮರಕ್ಕೆ 36; ನಮ್ಮ ಬಯಲಿನ ಈಚಲಿಗೂ 36. ಲೆಕ್ಕ ಸಮವಾಗಿರುವ ಈ ನೆಂಟರಲ್ಲಿ ಸಂಕರವು ಸುಲಭ. ಹತ್ತಿಯ ಕುಲದಲ್ಲಿ ಹಾಗಿಲ್ಲ.

ಲೋಕದಲ್ಲಿ ಸಾಗುವಳಿಯಲ್ಲಿರುವ ಹತ್ತಿಯ ಜಾತಿಗಳು ನಾಲ್ಕು. ನಾಲ್ಕನ್ನೂ ಭಾರತದಲ್ಲಿ ಬೆಳೆಯುತ್ತಾರೆ. ದೇಶೀ ಹತ್ತಿಗಳಾದ ಅರ್ಬೋರಿಯಂ ಮತ್ತು ಹರ್ಬೇಸಿಯಂಗಳಿಗೆ 26 ವರ್ಣತಂತುಗಳು. ಧಾರವಾಡ ಸೀಮೆಯ ಹೆಸರಾಂತ ಜಯಧರ ಹತ್ತಿ ಹರ್ಬೇಸಿಯಂ ಜಾತಿಯದು. ಅಮೆರಿಕಾ ಮೂಲದ ಹಿರ್ಸುಟಂ, ಬಾರ್ಬಡೆನ್ಸ್‌ಗಳಿಗಾದರೋ 52. ಕಾಡುಹತ್ತಿಗಳಲ್ಲಿ ಬಹುಪಾಲಿಗೆ 26.

ಈ ಇಮ್ಮಡಿ ಎಲ್ಲಿಂದ ಬಂದಿತು? ಸುಮಾರು ಹತ್ತು ಇಪ್ಪತ್ತು ಲಕ್ಷ ವರ್ಷಗಳ ಹಿಂದೆ, ನಮ್ಮ ದೇಶೀ ಹತ್ತಿಯ ಬಳಗದ ಒಂದು ಗಿಡವೂ ಅಮೆರಿಕದ ಒಂದು ಕಾಡುಹತ್ತಿಯೂ ಸಂಕರವಾಗಿ, ಎರಡರ ತಂತುಗಳೂ ಒಂದೇ ಕೋಶದಲ್ಲಿ ಕೂಡಿದುವು. ಮೊದಲನೆಯದರ ಬೀಜ ಸಾಗರವನ್ನು ತೇಲಿ ದಾಟಿರಬೇಕೆಂಬುದು ವಿದ್ವಾಂಸರ ಊಹೆ. 1940ರಲ್ಲಿ ಬೀಸ್ಲಿ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೆ ಪ್ರಯೋಗದ ಆಧಾರವೊದಗಿಸಿದನು. ಅರ್ಬೋರಿಯಂ ಮತ್ತು ಥರ್ಬೆರಿ ಎಂಬ ಕಾಡುಹತ್ತಿಯನ್ನು ಸಂಕರಿಸಿ, ತಂತುಗಳನ್ನು ಇಮ್ಮಡಿಗೊಳಿಸಿ, ಹಾಗೆ ದೊರೆತ 52 ತಂತುಗಳ ಗಿಡವನ್ನು ಅಮೆರಿಕದ ಹತ್ತಿಯೊಡನೆ ಕೂಡಿಸಿದಾಗ ಸಂತಾನವು ದೊರೆಯಿತು.

ಇನ್ನು ರೈತನ ಮಾತು. ಅಮೆರಿಕದ ಹತ್ತಿಯ ಎಳೆ ಉದ್ದ, ಬೆಲೆಯೂ ಹೆಚ್ಚು. ಆದರೆ ರಸ ಹೀರುವ ಜಿಗಿಹುಳುವಿನ ಬಾಧೆಗೆ ಅದು ಬೇಗ ಸೋಲುವುದು. ಮಳೆಯನ್ನೇ ನಂಬಿದ ವಿದರ್ಭದ ಹೊಲದಲ್ಲಿ ದೇಶೀ ಹತ್ತಿಯ ಸಹನೆ ದೊಡ್ಡದು. ಒಂದರ ಎಳೆಯನ್ನೂ ಮತ್ತೊಂದರ ಸಹನೆಯನ್ನೂ ಒಂದುಗೂಡಿಸಿದರೆ ಆಗದೆ? ಇಲ್ಲಿಯೇ ಲೆಕ್ಕವು ಅಡ್ಡ ಬರುವುದು. ದೇಶೀ ಗಿಡದಿಂದ 13, ಅಮೆರಿಕದ್ದರಿಂದ 26, ಒಟ್ಟು 39. ಇವುಗಳಲ್ಲಿ 13 ತಂತುಗಳಿಗೆ ಜೊತೆಯೇ ಇಲ್ಲ. ಗಿಡವು ಬೆಳೆದು ಹೂ ಬಿಟ್ಟರೂ ಬೀಜ ಕಟ್ಟದು.

1972ರಲ್ಲಿ ಧಾರವಾಡದಲ್ಲಿ ಕಟರಕಿಯವರು ವರಲಕ್ಷ್ಮಿ ಎಂಬ ಪ್ರಸಿದ್ಧ ಸಂಕರವನ್ನು ಸಿದ್ಧಪಡಿಸಿದಾಗ ಈ ತೊಡಕಿರಲಿಲ್ಲ. ಅದರ ತಂದೆತಾಯಿಗಳೆರಡಕ್ಕೂ 52.

ತೊಡಕಿಗೆ ಪರಿಹಾರ ಕಾಲ್ಚಿಸೀನ್ ಎಂಬ ವಿಷ. ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇದು ಉಂಟು. ಅದನ್ನು ಎಳೆಯ ಮೊಳಕೆಗೆ ಹಚ್ಚಿದರೆ 39 ತಂತುಗಳು 78 ಆಗಿ, ಪ್ರತಿಯೊಂದಕ್ಕೂ ಜೊತೆ ದೊರೆಯುವುದು. ಆ ಗಿಡವನ್ನು ಮತ್ತೆ ಅಮೆರಿಕದ ಹತ್ತಿಯೊಡನೆ ಕೂಡಿಸಿದರೆ 65. ಹೀಗೆ ತಲೆಮಾರು ತಲೆಮಾರಾಗಿ ಕೂಡಿಸುತ್ತ, 52ಕ್ಕೆ ಇಳಿಯುವವರೆಗೆ ಎಣಿಸುತ್ತಲೇ ಇರಬೇಕು. ಅಷ್ಟರಲ್ಲಿ, ಬಯಸಿದ ಗುಣವೂ ಕೈಜಾರಿ ಹೋಗುವುದುಂಟು.