ಅಂಗಳದ ಗುಲಾಬಿಯಿಂದ ಗುಲ್ಕಂದ್, ಶರಬತ್ತು



ಕಲ್ಲಡ್ಕ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಬಾವಿಕಟ್ಟೆಯ ಬದಿಯಲ್ಲೋ ಹಟ್ಟಿಯ ಹತ್ತಿರವೋ ಒಂದೆರಡು ಗುಲಾಬಿ ಗಿಡಗಳಿರುವುದು ಸಾಮಾನ್ಯ. ದೇವರಿಗೆ ಇಟ್ಟು, ಮುಡಿದು ಉಳಿದ ಹೂ ಗಿಡದಲ್ಲೇ ಬಾಡಿ ಉದುರುತ್ತದೆ. ಆ ಹೂವನ್ನು ಗುಲ್ಕಂದ್ ಅಥವಾ ಶರಬತ್ತು ಮಾಡಿಟ್ಟರೆ ತಿಂಗಳುಗಟ್ಟಲೆ ಹಾಲಿನ ಜೊತೆ ಬಳಸಬಹುದು. ಪಾರಸಿ ಭಾಷೆಯಲ್ಲಿ 'ಗುಲ್' ಎಂದರೆ ಹೂ, 'ಕಂದ್' ಎಂದರೆ ಸಕ್ಕರೆ. ಬೇಕಾದ ಸಾಮಾನು ಈ ಎರಡೇ.

ಯಾವ ಹೂ ಬೇಕು?

ಪರಿಮಳವಿರುವ, ಎಸಳು ತೆಳುವಾಗಿರುವ ಪನ್ನೀರು ಗುಲಾಬಿ ಎಲ್ಲಕ್ಕಿಂತ ಉತ್ತಮ. ಪೇಟೆಯಲ್ಲಿ ಮಾರುವ ಗುಲಾಬಿ ಮತ್ತು ಹಾರದ ಹೂ ಬೇಡ. ಅವು ತಿನ್ನಲು ಬೆಳೆದವಲ್ಲ. ಹುಳ ಮತ್ತು ರೋಗಕ್ಕೆ ಔಷಧಿ ಸಿಂಪಡಿಸಿರುತ್ತಾರೆ. ಕೆಲವು ಔಷಧಿಗಳು ಗಿಡದ ರಸದಲ್ಲೇ ಸೇರುವುದರಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಇಂಥ ಹೂವನ್ನು ದನದ ಬಾನಿಗೂ ಹಾಕಬೇಡಿ. ಮೇವಿನಲ್ಲಿರುವ ವಿಷದ ಅಂಶ ಹಾಲಿಗೂ ಬರಬಹುದು. ಮನೆಯ ಗಿಡಕ್ಕೆ ಹಟ್ಟಿಗೊಬ್ಬರ ಸಾಕು.

ಗುಲ್ಕಂದ್ ಮಾಡುವ ಕ್ರಮ

1. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಪೂರ್ಣ ಅರಳಿದ ಹೂ ಕೊಯ್ಯಿರಿ. ಎಸಳು ಬಿಡಿಸಿ ತೊಳೆದು, ಬಟ್ಟೆಯ ಮೇಲೆ ನೆರಳಿನಲ್ಲಿ ನೀರಿನ ಪಸೆ ಹೋಗುವವರೆಗೆ ಆರಿಸಿ.

2. 250 ಗ್ರಾಂ ಎಸಳಿಗೆ 500 ಗ್ರಾಂ ಪುಡಿಮಾಡಿದ ಕಲ್ಲುಸಕ್ಕರೆ ತೆಗೆದುಕೊಳ್ಳಿ. ಒಣ ಹವೆಯ ಊರುಗಳಲ್ಲಿ ಸಮ ತೂಕ ಹಾಕುವುದುಂಟು. ನಮ್ಮ ಕರಾವಳಿಯ ತೇವದ ಹವೆಗೆ ಎರಡು ಪಾಲು ಹಾಕುವುದೇ ಕ್ಷೇಮ. ಸಕ್ಕರೆ ನೀರಿನಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೂಷ್ಟು ಬೆಳೆಯದು.

3. ಒಣಗಿದ ಗಾಜಿನ ಭರಣಿಯಲ್ಲಿ ಎಸಳು, ಸಕ್ಕರೆ ಒಂದರ ಮೇಲೊಂದು ಪದರವಾಗಿ ತುಂಬಿ. ಮೇಲೆ ಕಾಲುಭಾಗ ಖಾಲಿ ಇರಲಿ.

4. ಮೂರರಿಂದ ನಾಲ್ಕು ವಾರ ಬಿಸಿಲಿಗಿಟ್ಟು, ಸಂಜೆ ಒಳಗೆ ತನ್ನಿ. ದಿನಕ್ಕೊಮ್ಮೆ ಒಣಗಿದ ಸೌಟಿನಿಂದ ಮಗುಚಿ. ಎಸಳು ಕರಗಿ ಜಾಮಿನಂತಾದಾಗ ಏಲಕ್ಕಿ ಪುಡಿ ಸೇರಿಸಿ.

ಫೆಬ್ರವರಿ, ಮಾರ್ಚ್‌ನ ಬಿಸಿಲು ಇದಕ್ಕೆ ಹದವಾದುದು. ಪತ್ತನಾಜೆಗೆ ಮುಂಚೆ ಕೆಲಸ ಮುಗಿದಿರಬೇಕು. ಮೋಡ ಕವಿದರೆ ಸಣ್ಣ ಉರಿಯಲ್ಲಿ ಕಾಯಿಸಿ ಮುಗಿಸಬಹುದು. ಪರಿಮಳ ಸ್ವಲ್ಪ ಕಡಿಮೆಯಾಗುತ್ತದೆ. ನೊರೆ, ಹುಳಿ ವಾಸನೆ ಅಥವಾ ಬೂಷ್ಟು ಕಂಡರೆ ಮೇಲಿನದನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸಬೇಡಿ, ಪೂರ್ತಿ ಚೆಲ್ಲಿ.

ಶರಬತ್ತು

100 ಗ್ರಾಂ ಎಸಳಿನ ಮೇಲೆ ಅರ್ಧ ಲೀಟರ್ ಕುದಿಯುವ ನೀರು ಸುರಿದು ನಾಲ್ಕು ಗಂಟೆ ಮುಚ್ಚಿಡಿ. ಸೋಸಿ, 1 ಕಿಲೋ ಸಕ್ಕರೆ ಹಾಕಿ ಕುದಿಸಿ. ಆರಿದ ಮೇಲೆ ಎರಡು ಬಾಟಲಿಗೆ ತುಂಬಿ. ಒಂದಕ್ಕೆ ಮಾತ್ರ ಒಂದು ಚಮಚ ಲಿಂಬೆ ರಸ ಹಾಕಿ. ಹುಳಿ ತಾಗಿದೊಡನೆ ಗುಲಾಬಿಯ ಬಣ್ಣ ಕೆಂಪೇರುತ್ತದೆ. ಇದು ನೀರಿಗೆ ಬೆರೆಸುವ ಶರಬತ್ತು.

ಹಾಲಿಗೆ ಲಿಂಬೆ ಹಾಕದ ಬಾಟಲಿಯನ್ನೇ ಬಳಸಿ. ಲಿಂಬೆಯ ಹುಳಿಯಿಂದ ಹಾಲು ಒಡೆಯುವ ಸಂಭವವಿದೆ. ಕಾಯಿಸಿ ತಣಿಸಿದ ಒಂದು ಲೋಟ ಹಾಲಿಗೆ ಎರಡು ಚಮಚ ಶರಬತ್ತು ಅಥವಾ ಒಂದು ಚಮಚ ಗುಲ್ಕಂದ್ ಸಾಕು. ಅಂಗಡಿಯ ಗುಲಾಬಿ ಹಾಲಿನಂತೆ ಇದು ಗಾಢ ಕೆಂಪಾಗದು. ಅದು ಬೆರೆಸಿದ ಬಣ್ಣ. ಮನೆಯದು ಪೇಲವವಾಗಿಯೇ ಇರುತ್ತದೆ.

ಮಕ್ಕಳಿಗೆ ಆಕರ್ಷಕವಾಗಿ ಕೊಡಬೇಕೆಂದರೆ ಕಲ್ಲಡ್ಕದ ಪ್ರಸಿದ್ಧ ಕೆ.ಟಿ.ಯನ್ನು ನೆನಪಿಸಿಕೊಳ್ಳಿ. ಅಲ್ಲಿ ಸಿಹಿ ಹಾಲು ಭಾರವಾಗಿ ಕೆಳಗೆ ನಿಂತರೆ, ಮೆಲ್ಲನೆ ಹೊಯ್ದ ಚಹಾದ ಡಿಕಾಕ್ಷನ್ ಮೇಲೆ ತೇಲುತ್ತದೆ. ಹಾಗೆಯೇ ಗಾಜಿನ ಲೋಟದಲ್ಲಿ ಮೊದಲು ಶರಬತ್ತು ಹಾಕಿ, ಚಮಚದ ಬೆನ್ನಿನ ಮೇಲಿಂದ ಸಪ್ಪೆ ಹಾಲು ಇಳಿಸಿದರೆ ಎರಡು ಪದರ ನಿಲ್ಲುತ್ತದೆ.

ನೆನಪಿಡಿ

* ಸಕ್ಕರೆ ಕಾಯಿಲೆಯವರಿಗೆ ಇವೆರಡೂ ಸಲ್ಲವು.
* ಶರಬತ್ತನ್ನು ಫ್ರಿಜ್‌ನಲ್ಲಿಡಿ. ಭರಣಿಗೆ ಒದ್ದೆ ಚಮಚ ಹಾಕಬೇಡಿ.
* ಮಾರುವ ಯೋಚನೆಯಿದ್ದರೆ ಆಹಾರ ಸುರಕ್ಷತೆ ಕಾಯ್ದೆ 2006ರಂತೆ ಸಣ್ಣ ತಯಾರಕರೂ ಮೊದಲು ನೋಂದಣಿ ಮಾಡಿಸಬೇಕು.

ಈ ಬೇಸಗೆಯಲ್ಲಿ ಒಂದು ಸಣ್ಣ ಭರಣಿಯಷ್ಟು ಮಾಡಿ ನೋಡಿ. ಡೇರಿಗೆ ಹಾಲು ಕೊಡುವ ಮನೆಯ ಮಕ್ಕಳೂ ದಿನಕ್ಕೊಂದು ಲೋಟ ಹಾಲು ಇಷ್ಟಪಟ್ಟು ಕುಡಿಯಲಿ.