ಕೆಮ್ಮಣ್ಣು ಉಳಿಸಿದುದೂ ಕರಗಿಸಿದುದೂ

ಹಿಂದೆ ಚರಿತ್ರೆಯ ಪಾಠದಲ್ಲಿ ನಾವು ವಿದ್ಯಾರ್ಥಿನಿಯರಿಗೆ ಒಂದು ವಾಕ್ಯವನ್ನು ಬರೆಯಿಸುತ್ತಿದ್ದೆವು: “ಶಾಸನಗಳ ಕಾಲಕ್ಕೆ ಮುಂಚೆ ಮಲೆನಾಡು ಜನವಸತಿಯಿಲ್ಲದ ಘೋರಾರಣ್ಯವಾಗಿದ್ದಿತು.” ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕಗಳನ್ನೂ ಪಡೆದಿರುವರು. ಆ ವಾಕ್ಯವನ್ನು ಹಾಗೆ ನಿಸ್ಸಂಶಯವಾಗಿ ಹೇಳತಕ್ಕದ್ದಾಗಿರಲಿಲ್ಲ. ಏಕೆ ಹೇಳಬಾರದಾಗಿದ್ದಿತೆಂಬುದನ್ನು ಈಗ ವಿವರಿಸುವುದು ನಮ್ಮ ಮೇಲಿರುವ ಸಾಲವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಉದಾಹರಣೆಗೆ ಸೊರಬ ತಾಲ್ಲೂಕಿನ ಕ್ಯಾಸನೂರನ್ನು ತೆಗೆದುಕೊಳ್ಳೋಣ. 1957ರಲ್ಲಿ ಮಂಗನ ಕಾಯಿಲೆಯು ಮೊದಲು ಈ ಸೀಮೆಯ ಕಾಡಿನಲ್ಲಿ ಗುರುತಿಸಲ್ಪಟ್ಟುದರಿಂದ ಈ ಊರಿನ ಹೆಸರು ಲೋಕದ ವೈದ್ಯಗ್ರಂಥಗಳಲ್ಲೆಲ್ಲಾ ಸೇರಿಹೋಯಿತು. ಒಂದು ಊರಿಗೆ ಇಂತಹ ಕೀರ್ತಿಯು ಬೇಕಾಗಿರಲಿಲ್ಲ. ನಾವು ಇಲ್ಲಿ ನೋಡಬೇಕಾದುದು ಆ ಕಾಡಿನ ಕೆಳಗಿರುವ ಮಣ್ಣನ್ನು. ಎತ್ತರದಲ್ಲಿ ಕಾನು, ಅದರ ಅಂಚಿನಲ್ಲಿ ಸೊಪ್ಪಿನಬೆಟ್ಟ, ಇಳಿಜಾರಿನಲ್ಲಿ ಮನೆಗಳು, ಅದಕ್ಕೂ ಕೆಳಗೆ ಅಡಿಕೆಯ ತೋಟ, ತಗ್ಗಿನಲ್ಲಿ ಕೆರೆ ಮತ್ತು ಗದ್ದೆ: ಸೊರಬ, ಶಿಕಾರಿಪುರ ಸೀಮೆಗಳ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈ ನೆಲದ ಕೆಂಪುಬಣ್ಣವು ಮಳೆಯಿಂದ ಬಂದುದು. ಸಹಸ್ರಾರು ವರ್ಷಗಳ ಮಳೆಯ ನೀರು ಬಂಡೆಯೊಳಗೆ ಇಳಿದಿಳಿದು, ಅದರಲ್ಲಿದ್ದ ಸುಣ್ಣ, ಪೊಟ್ಯಾಷ್ ಮೊದಲಾದ ಕರಗುವ ಅಂಶಗಳನ್ನು ತೊಳೆದುಕೊಂಡು ಹೋಗುತ್ತದೆ. ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳು ಕರಗದೆ ನಿಲ್ಲುತ್ತವೆ. ಹೀಗೆ ಆದುದೇ ಜಂಬಿಟ್ಟಿಗೆ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ, ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಹೆಸರಿನಿಂದಲೇ ಇದಕ್ಕೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. ಅವನ ಗ್ರಂಥವು 1807ರಲ್ಲಿ ಪ್ರಕಟವಾಯಿತು. ನಮ್ಮ ಜನರೂ ಇದನ್ನು ಇಟ್ಟಿಗೆಯೆಂದೇ ಕರೆದಿರುವುದು ಗಮನಾರ್ಹವಾದುದು.

ಸುಣ್ಣವು ತೊಳೆದುಹೋದ ಮಣ್ಣು ಹುಳಿಮಣ್ಣಾಗುತ್ತದೆ. ಇಲ್ಲಿಯೇ ಚರಿತ್ರೆಗೆ ದೊಡ್ಡ ನಷ್ಟವುಂಟಾಗುವುದು. ಮೂಳೆಯ ಗಟ್ಟಿಯಾದ ಭಾಗವು ಸುಣ್ಣ ಮತ್ತು ರಂಜಕಗಳ ಸಂಯೋಗದಿಂದ ಆದುದು. ಕೋಳಿಮೊಟ್ಟೆಯನ್ನು ವಿನಿಗರ್ ಇರುವ ಬಟ್ಟಲಿನಲ್ಲಿ ಒಂದೆರಡು ದಿನ ಇಟ್ಟರೆ ಚಿಪ್ಪು ಕರಗಿ ಮೆತ್ತಗಾಗುವುದನ್ನು ನಮ್ಮ ವಿದ್ಯಾರ್ಥಿನಿಯರು ಪ್ರಯೋಗಶಾಲೆಯಲ್ಲಿ ನೋಡಿ ನಕ್ಕದ್ದುಂಟು. ಹುಳಿಯಾದ ಒದ್ದೆಮಣ್ಣಿನಲ್ಲಿ ಹೂಳಿದ ಮೂಳೆಯ ಗತಿಯೂ ಕಾಲಕ್ರಮದಲ್ಲಿ ಹೆಚ್ಚುಕಡಮೆ ಅದೇ. ಬಟ್ಟೆ, ಚಾಪೆ, ಬಿದಿರುಬುಟ್ಟಿ, ಮರದ ಕಂಬ, ಹುಲ್ಲಿನ ಸೂರು ಇವು ಇನ್ನೂ ಬೇಗ ಹೋಗುತ್ತವೆ. ಕಬ್ಬಿಣದ ಕತ್ತಿಯು ತುಕ್ಕಿನ ಮುದ್ದೆಯಾಗಿ, ಸುತ್ತಲಿನ ಕೆಂಪುಕಲ್ಲಿನಿಂದ ಅದನ್ನು ಬೇರ್ಪಡಿಸಿ ಗುರುತಿಸುವುದೇ ಕಷ್ಟವಾಗುತ್ತದೆ.

ಇದಕ್ಕೆ ಬಯಲುಸೀಮೆಯನ್ನು ಹೋಲಿಸಿ ನೋಡಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಅಗೆದಾಗ ಕಲ್ಲುಗೋರಿಗಳಲ್ಲಿ ಮನುಷ್ಯರ ಮೂಳೆಗಳು ಸಿಕ್ಕಿದವು. ಸುರಪುರ ಸೀಮೆಯ ಬೂದಿಹಾಳದ ಬೂದಿದಿಬ್ಬದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಿಂದ ನವಶಿಲಾಯುಗದ ಜನರು ಸಾಕಿದ ದನಗಳ ಮೂಳೆಗಳು ಹೇರಳವಾಗಿ ದೊರೆತವು. ಅಲ್ಲಿ ಮಳೆ ಕಡಮೆ, ಮಣ್ಣಿನಲ್ಲಿ ಸುಣ್ಣ ಹೆಚ್ಚು. ಆದುದರಿಂದ ಆ ಜನರು ಏನನ್ನು ತಿಂದರು, ಏನನ್ನು ಸಾಕಿದರು ಎಂಬುದನ್ನು ಇಂದು ಹೇಳಬಹುದಾಗಿದೆ. ಅದೇ ಜನರು ಕ್ಯಾಸನೂರಿನ ಇಳಿಜಾರಿನಲ್ಲಿ ನೂರು ವರ್ಷ ಬಾಳಿ ಹೋಗಿದ್ದರೆಂದು ಇಟ್ಟುಕೊಳ್ಳೋಣ. ಅವರ ದನದ ಒಂದು ಹಲ್ಲಾದರೂ ಉಳಿಯುತ್ತಿದ್ದಿತೆಂದು ನಾವು ಮಾತು ಕೊಡಲಾರೆವು. ಭೂಪಟದ ಮೇಲೆ ಪ್ರಾಚೀನ ನೆಲೆಗಳನ್ನು ಚುಕ್ಕೆಯಿಟ್ಟು ಗುರುತಿಸಿದಾಗ ಬಳ್ಳಾರಿ, ರಾಯಚೂರುಗಳಲ್ಲಿ ಚುಕ್ಕೆಗಳು ಕಿಕ್ಕಿರಿದು, ಮಲೆನಾಡಿನಲ್ಲಿ ವಿರಳವಾಗುವುದಕ್ಕೆ ಜನರ ಕೊರತೆಯೊಂದೇ ಕಾರಣವಲ್ಲ. ದಟ್ಟವಾದ ಕಾಡಿನಲ್ಲಿ ಹುಡುಕಾಟ ನಡೆದುದೂ ಕಡಮೆ, ಮಣ್ಣು ಉಳಿಸಿಕೊಟ್ಟುದೂ ಕಡಮೆ. ಹಾಗಿದ್ದರೂ ಹೊಸನಗರ ತಾಲ್ಲೂಕಿನ ನಿಲಸ್ಕಲ್ ಮತ್ತು ಬೈಸೆಗಳಲ್ಲಿ ಪ್ರಾಚೀನರು ನೆಟ್ಟ ಎತ್ತರವಾದ ನಿಲುಗಲ್ಲುಗಳು ನಿಂತಿವೆ. ಅವು ಕಲ್ಲಾಗಿದ್ದುದರಿಂದ ನಿಂತವು. ನೆಟ್ಟವರ ಮನೆಗಳು ಕಲ್ಲಾಗಿರಲಿಲ್ಲ.

ಶಾಸನಗಳ ಕಾಲದಲ್ಲಿಯೂ ಇದೇ ಪಕ್ಷಪಾತವು ಕಂಡುಬರುತ್ತದೆ. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿಯೂ ಸೊರಬದವುಗಳನ್ನು 1904ರಲ್ಲಿಯೂ ಪ್ರಕಟಿಸಿದರು. ಬಳ್ಳಿಗಾವೆಯ ಶಾಸನಗಳನ್ನು ಓದಿದರೆ ಮಠಗಳು, ಬಸದಿಗಳು, ವಿಹಾರ, ವರ್ತಕರು, ವಿದ್ಯಾರ್ಥಿಗಳು ತುಂಬಿದ ಒಂದು ಮಹಾನಗರವು ಕಣ್ಣಮುಂದೆ ನಿಲ್ಲುತ್ತದೆ. ಅಲ್ಲಿಗೆ ಹೋಗಿ ನೋಡಿದರೆ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳೂ 1047ರ ಗಂಡಭೇರುಂಡ ಸ್ತಂಭವೂ ಇವೆ, ನಗರವೆಲ್ಲಿ? ಮಣ್ಣಿನ ಗೋಡೆಯು ಸೂರು ಕಳೆದುಕೊಂಡ ಮೇಲೆ ಕೆಲವೇ ಮಳೆಗಾಲಗಳಲ್ಲಿ ಮತ್ತೆ ಮಣ್ಣಾಗುತ್ತದೆ. ಅಲ್ಲಿ ನಾಗಿಯಕ್ಕನೆಂಬ ಸ್ತ್ರೀಯು ತಾರಾ ಭಗವತಿಯ ಪ್ರತಿಮೆಯನ್ನು ಮಾಡಿಸಿದಳೆಂದು ಶಾಸನವು ಹೇಳುತ್ತದೆ. ಕಲ್ಲಿನಲ್ಲಿ ಬರೆಯಿಸಿದ್ದರಿಂದ ಆಕೆಯ ಹೆಸರು ನಮಗೆ ದೊರೆಯಿತು. ಅದೇ ಕೇರಿಯಲ್ಲಿ ಅಕ್ಕಿ ಕೇರಿದ, ಮಗುವನ್ನು ತೊಟ್ಟಿಲಲ್ಲಿ ತೂಗಿದ ಸಾವಿರಾರು ಹೆಂಗಸರ ಮೊರವೂ ತೊಟ್ಟಿಲೂ ಗೆದ್ದಲಿಗೆ ಆಹಾರವಾದವು. ಉಳಿದಿದ್ದರೆ ಬೀಸುವ ಕಲ್ಲೊಂದು, ಒಡೆದ ಗಡಿಗೆಯ ಬೋಕಿಗಳು.

ಗೆದ್ದಲಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಚಾರ್ಲ್ಸ್ ಡಾರ್ವಿನ್ನನು 1881ರಲ್ಲಿ ಎರೆಹುಳುಗಳ ವಿಷಯವಾಗಿ ಒಂದು ಪುಸ್ತಕವನ್ನು ಬರೆದು, ಅವು ಕೆಳಗಿನ ನಯವಾದ ಮಣ್ಣನ್ನು ಮೇಲಕ್ಕೆ ತಂದು ಹಾಕುತ್ತಾ ಹೋಗುವುದರಿಂದ ಮೇಲಿದ್ದ ಕಲ್ಲುಗಳೂ ಹಳೆಯ ಕಟ್ಟಡಗಳ ನೆಲಗಟ್ಟುಗಳೂ ಮೆಲ್ಲಮೆಲ್ಲನೆ ಹೂತುಹೋಗುತ್ತವೆಂದು ತೋರಿಸಿದನು. ನಮ್ಮ ಸೀಮೆಯಲ್ಲಿ ಗೆದ್ದಲು ಅದೇ ಕೆಲಸವನ್ನು ಮಾಡುತ್ತದೆ. ಹುತ್ತವು ಮಳೆಗೆ ಕರಗಿ ಹರಡಿ, ಹಿಂದಿನವರು ನೆಲದ ಮೇಲೆ ಬಿಟ್ಟುಹೋದ ವಸ್ತುವಿನ ಮೇಲೆ ತೆಳುವಾದ ಹೊದಿಕೆಯಾಗುತ್ತದೆ. ಜೊತೆಗೆ ಇಳಿಜಾರಿನ ಮಣ್ಣು ಕೊಚ್ಚಿಬಂದು ತಗ್ಗನ್ನು ತುಂಬುತ್ತದೆ. ಆದುದರಿಂದ ಬೆಟ್ಟದ ಮೇಲೆ ಹಳೆಯ ವಸ್ತುಗಳು ಬರಿಯ ನೆಲದ ಮೇಲೆ ಚೆದುರಿ ಬಿದ್ದಿದ್ದರೆ, ಗದ್ದೆಯ ಬಯಲಿನಲ್ಲಿ ಅವು ಆಳದಲ್ಲಿ ಅಡಗಿರುತ್ತವೆ.

ಅಡಗಿದುದು ನಷ್ಟವಾದುದಲ್ಲವೆಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ತಾಳಗುಂದವೇ ಸಾಕ್ಷಿ. ಅಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬರ ಸ್ತಂಭಶಾಸನವು ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿತ್ತು; ವಿದ್ವಾಂಸರು ಅದನ್ನು ಮತ್ತೆ ಮತ್ತೆ ಓದಿದರು. ಆ ದೇವಾಲಯದ ಆವರಣದ ಮಣ್ಣಿನೊಳಗೇ ಸಿಂಹಕಟಾಂಜನವೊಂದು ಶಾಸನಸಮೇತವಾಗಿ ಮಲಗಿದ್ದುದು ಮಾತ್ರ 2013ರ ಉತ್ಖನನದವರೆಗೆ ಯಾರಿಗೂ ತಿಳಿದಿರಲಿಲ್ಲ. ಕನ್ನಡದ ಪದಗಳುಳ್ಳ ಆ ಬರಹವನ್ನು ಪುರಾತತ್ತ್ವ ಇಲಾಖೆಯವರು ಸುಮಾರು ಕ್ರಿ. ಶ. 370ರದೆಂದು ನಿರ್ಣಯಿಸಿದರು.

ಮಣ್ಣು ಕರಗಿಸಿದುದರಲ್ಲಿಯೂ ಕೆಲವು ಗುರುತುಗಳು ಉಳಿಯುತ್ತವೆ. ಮೂಳೆಯು ಹೋದರೂ ಅದರ ರಂಜಕವು ಕಬ್ಬಿಣದೊಡನೆ ಕೂಡಿಕೊಂಡು ಮಣ್ಣಿನಲ್ಲಿಯೇ ನಿಲ್ಲುತ್ತದೆ. ಜನರೂ ದನಗಳೂ ಬಹುಕಾಲವಿದ್ದ ಜಾಗದ ಮಣ್ಣನ್ನು ಪರೀಕ್ಷಿಸಿದರೆ ರಂಜಕವು ಅಕ್ಕಪಕ್ಕಕ್ಕಿಂತ ಹೆಚ್ಚಾಗಿ ತೋರಬಹುದು. ಒಲೆಯ ಇದ್ದಲು ಕೊಳೆಯುವುದಿಲ್ಲ. ಬತ್ತದ ಹೊಟ್ಟಿನಲ್ಲಿರುವ ಸೂಕ್ಷ್ಮವಾದ ಸಿಲಿಕಾದ ಕಣಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಅಡಿಗೆಮನೆಯ ಕಸವೇ ಕೊನೆಗೆ ಬಲವಾದ ಸಾಕ್ಷಿಯಾಗುವುದೆಂದರೆ ಗೃಹಿಣಿಯರಾದ ನಮ್ಮ ಓದುಗರಿಗೆ ಸಂತೋಷವಾಗಬಹುದು.

ಆದರೆ ಸಾಕ್ಷಿಯು ತಾನಿದ್ದ ಜಾಗದಲ್ಲಿದ್ದರೆ ಮಾತ್ರ ಸಾಕ್ಷಿ. ಮಲೆನಾಡಿನಲ್ಲಿ ಮಣ್ಣು ಒಂದೆಡೆ ನಿಲ್ಲುವುದಿಲ್ಲ. ನಾವೇ ಅದನ್ನು ಹೊತ್ತು ತಿರುಗುತ್ತೇವೆ. ಅಡಿಕೆಮರಗಳ ಬುಡಕ್ಕೆ ಕೆಲವು ವರ್ಷಗಳಿಗೊಮ್ಮೆ ದರೆಯಿಂದ ಕಡಿದ ಹೊಸಮಣ್ಣನ್ನು ಹಾಕುವುದು, ಕೆರೆಯ ಗೋಡನ್ನು ತೆಗೆದು ಗದ್ದೆಗೆ ಹರಡುವುದು ಹಿರಿಯರಿಂದ ಬಂದ ಪದ್ಧತಿ. ಅದನ್ನು ತಪ್ಪೆನ್ನುವವರು ನಾವಲ್ಲ. ಆ ಮಣ್ಣಿನ ಅನ್ನವನ್ನೇ ಉಂಡಿದ್ದೇವೆ. ಆದರೆ ತೋಟದಲ್ಲಿ ಸಿಕ್ಕ ಬೋಕಿಯು ತೋಟದ್ದೇ ಆಗಿರಬೇಕಾಗಿಲ್ಲ. ಗುಡ್ಡದ ಮೇಲಿನ ಒಂದು ಹಳೆಯ ಹಟ್ಟಿಯಿಂದ ಬುಟ್ಟಿಯಲ್ಲಿ ಬಂದುದಾಗಿರಬಹುದು. ಹಿಂದೆ ಬುಟ್ಟಿಯಲ್ಲಿ ಹೊರುವಾಗ ವಿಚಿತ್ರವಾದ ಕಲ್ಲೊಂದು ಕೈಗೆ ತಗಲಿದರೆ ಆಳು ನಿಂತು ನೋಡುತ್ತಿದ್ದನು. ಈಗ ಯಂತ್ರವು ಒಂದೇ ದಿನದಲ್ಲಿ ಅರ್ಧ ದರೆಯನ್ನು ಕಡಿದು ಲಾರಿಗೆ ತುಂಬುತ್ತದೆ. ನೋಡುವ ಕಣ್ಣು ಅದಕ್ಕಿಲ್ಲ.

ಆದಕಾರಣ, ನಿಮ್ಮ ತೋಟದಲ್ಲಿಯೋ ಹಿತ್ತಲಿನಲ್ಲಿಯೋ ಹಳೆಯ ಬೋಕಿ, ಅಕ್ಷರವಿರುವ ಕಲ್ಲು, ಕಪ್ಪು ಬೂದಿಯ ಪದರ ಯಾವುದಾದರೂ ಕಂಡರೆ ಅದನ್ನು ತೊಳೆದು ಜಗಲಿಯ ಮೇಲಿಡುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿರಿ: ಈ ಮಣ್ಣು ಎಲ್ಲಿಂದ ಬಂದುದು, ಯಾವ ವರ್ಷ ಹಾಕಿಸಿದುದು, ಎಷ್ಟು ಆಳದಲ್ಲಿ ಸಿಕ್ಕಿತು? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ವಸ್ತುವಿನೊಡನೆ ಇಡಿರಿ. ಹಳೆಯ ನೋಟ್‌ಪುಸ್ತಕವನ್ನು ಯಾರಾದರೂ ಇನ್ನೂ ಇಟ್ಟುಕೊಂಡಿದ್ದರೆ, ನಾವು ಬರೆಯಿಸಿದ ಆ ವಾಕ್ಯದ ಮೇಲೆ ಒಂದು ಗೆರೆಯನ್ನು ಎಳೆದು, ಪಕ್ಕದಲ್ಲಿ “ಇನ್ನೂ ತಿಳಿಯಬೇಕಾಗಿದೆ” ಎಂದು ಬರೆದುಕೊಳ್ಳಬೇಕಾಗಿ ಪ್ರಾರ್ಥನೆ.